ಐದು ಮನೆ, ಒಂದು ಕ್ಯೂ

(ಇಂಗ್ಲಿಷ್ ಕಲಿಸುವ ಶಿಕ್ಷಕರು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ಮುಂದೆ ರಾಯಚೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಸ್ಕಿ ಎಂದು ಬರೆಯಲು ಎಷ್ಟು ಅಕ್ಷರ ಬೇಕು? ಕನ್ನಡ ಸಾಲಿಯಲ್ಲಿ ಓದಿದ ಯಾರನ್ನು ಕೇಳಿದರೂ ಎರಡು ಎನ್ನುತ್ತಾರೆ: ಮ, ಸ್ಕಿ. ಅದೇ ಹೆಸರು ಬಸ್ಸಿನ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿದ್ದರೆ ಐದು: ಎಮ್, ಎ, ಎಸ್, ಕೆ, ಐ. ಮಾನ್ವಿ, ಹಟ್ಟಿ, ಹಂಪಿ ಇವುಗಳ ಲೆಕ್ಕವೂ ಅಷ್ಟೇ. ನಮ್ಮ ಲಿಪಿಯಲ್ಲಿ ಎರಡೆರಡು, ಇಂಗ್ಲಿಷಿನಲ್ಲಿ ಐದೈದು. ಹಟ್ಟಿಯನ್ನು ಅಲ್ಲಿ ಎಚ್-ಯು-ಟಿ-ಟಿ-ಐ ಎಂದು ಬರೆಯುವ ರೂಢಿ.

'ಇಂಗ್ಲಿಷಿನ ಕ್ಯೂ ಅಕ್ಷರ ಇರುವ ಐದಕ್ಷರದ ಪದ ಹೇಳು' ಎಂದಾಗ ನಮ್ಮ ಹುಡುಗರು ತಡವರಿಸುವುದು ಇಲ್ಲೇ. ಕ್ವೀನ್ ಅವರಿಗೆ ಗೊತ್ತು, ಕ್ವಿಕ್ ಗೊತ್ತು. ಆದರೆ ಕಿವಿಗೆ ಅವು ಎರಡಕ್ಷರದ ಪದಗಳು. ಎಣಿಕೆ ಕನ್ನಡದಲ್ಲಿ ನಡೆದಿರುತ್ತದೆ, ಪ್ರಶ್ನೆ ಇಂಗ್ಲಿಷಿನದು. ಟೇಬಲ್ ಎಂಬ ಪದಕ್ಕೆ ಐದು ಅಕ್ಷರ ಎಂದು ಒಪ್ಪಿಸಲು ಐದನೇ ಇಯತ್ತೆಯ ಮಗುವಿಗೆ ಹೆಣಗಬೇಕಾಗುತ್ತದೆ, ಏಕೆಂದರೆ ಕೊನೆಯ ಇ ಅದರ ಕಿವಿಗೆ ಬೀಳುವುದೇ ಇಲ್ಲ. ಆದ್ದರಿಂದ ಮೊದಲ ಕೆಲಸ ಪದ ಕಲಿಸುವುದಲ್ಲ, ಎಣಿಕೆಯನ್ನು ಕಿವಿಯಿಂದ ಕಣ್ಣಿಗೆ ವರ್ಗಾಯಿಸುವುದು. ಗಣಿತದ ಚೌಕುಳಿ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಐದು ಮನೆ ಗುರುತಿಸಿ, ಮನೆಗೊಂದರಂತೆ ದೊಡ್ಡಕ್ಷರ ಬರೆಸಿ. ಮನೆ ಖಾಲಿ ಉಳಿದರೆ ಯಾವುದೋ ಅಕ್ಷರ ಬಿಟ್ಟುಹೋಗಿದೆ, ಹೊರಗೆ ಚಾಚಿದರೆ ಯಾವುದೋ ಹೆಚ್ಚಾಗಿದೆ. ಮಗು ತಾನೇ ಹಿಡಿಯುತ್ತದೆ.

ಇಲ್ಲೊಂದು ತಮಾಷೆ. ಮಸ್ಕಿ ಎಂಬುದನ್ನು ಕನ್ನಡದಲ್ಲೇ ಕಂಪ್ಯೂಟರಿನಲ್ಲಿ ಬೆರಳಚ್ಚಿಸಿ, ಎಷ್ಟು ಅಕ್ಷರ ಎಂದು ಎಕ್ಸೆಲ್‌ಗೆ ಕೇಳಿ ನೋಡಿ. ಐದು ಎನ್ನುತ್ತದೆ. ಮ ಒಂದು, ಸ ಒಂದು, ಸ ವನ್ನು ಅರ್ಧಕ್ಕಿಳಿಸುವ ಚಿಹ್ನೆ (್) ಒಂದು, ಕ ಒಂದು, ಗುಡಿಸು ಒಂದು. ಮಸ್ಕಿಗೆ ಇದು ಇಂಗ್ಲಿಷಿನ ಲೆಕ್ಕಕ್ಕೆ ತಾಳೆಯಾಗುತ್ತದೆ ನಿಜ, ಆದರೆ ಮಾನ್ವಿಗೆ ಆರು ಬರುತ್ತದೆ, ಹಂಪಿಗೆ ನಾಲ್ಕೇ. ಯಂತ್ರದ ಎಣಿಕೆ ಮೂರನೆಯ ಬಗೆಯದು, ಅದನ್ನು ತರಗತಿಗೆ ತರಬೇಡಿ.

ಇಪ್ಪತ್ತಾರು ಅಕ್ಷರಗಳಲ್ಲಿ ಕ್ಯೂವನ್ನೇ ಏಕೆ ಆರಿಸಿದ್ದು? ಇಂಗ್ಲಿಷ್ ಬರಹದ ಸಾವಿರ ಅಕ್ಷರ ಎಣಿಸಿದರೆ ಇ ಸುಮಾರು 127 ಸಲ ಸಿಗುತ್ತದೆ, ಕ್ಯೂ ಸಿಗುವುದು ಹೆಚ್ಚೂಕಡಿಮೆ ಒಂದೇ ಸಲ. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟವನ್ನು 1930ರ ದಶಕದಲ್ಲಿ ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್, ಪತ್ರಿಕೆಯ ಪುಟಗಳಲ್ಲಿ ಅಕ್ಷರಗಳನ್ನು ಎಣಿಸಿಯೇ ಬಿಲ್ಲೆಗಳ ಸಂಖ್ಯೆ ಗೊತ್ತುಮಾಡಿದ. ಇಂಗ್ಲಿಷ್ ಆಟದ 100 ಬಿಲ್ಲೆಗಳಲ್ಲಿ ಇ ಹನ್ನೆರಡು, ಪ್ರತಿಯೊಂದಕ್ಕೂ 1 ಅಂಕ. ಕ್ಯೂ ಒಂದೇ ಒಂದು, ಅದಕ್ಕೆ 10 ಅಂಕ. ಅಪರೂಪದ್ದು ಎಂದರೆ ಪಟ್ಟಿ ಚಿಕ್ಕದು. ಪಟ್ಟಿ ಚಿಕ್ಕದಾದರೆ ಪೂರ್ತಿ ಮುಗಿಸಬಹುದು. ಇ ಇರುವ ಐದಕ್ಷರದ ಪದಗಳನ್ನು ಕಲಿಯಲು ಹೊರಟವರು ನಡುದಾರಿಯಲ್ಲೇ ಕೈಬಿಡುತ್ತಾರೆ. ಕ್ಯೂ ಇರುವ ದಿನಬಳಕೆಯ ಪದಗಳೋ, ಇಪ್ಪತ್ತಾರು.

ಎರಡನೆಯ ಕಾರಣ ಇನ್ನೂ ಮುಖ್ಯ. ಕನ್ನಡದಲ್ಲಿ ಕ ಎಲ್ಲಿ ಕೂತರೂ ಕ. ಇಂಗ್ಲಿಷಿನಲ್ಲಿ ಅಕ್ಷರದ ಬೆಲೆ ಅದು ಯಾವ ಮನೆಯಲ್ಲಿದೆ, ನೆರೆಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ. ಈ ಮಾತು ಕ್ಯೂವಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಯಾವ ಅಕ್ಷರದಲ್ಲೂ ಕಾಣುವುದಿಲ್ಲ. ಐದು ಮನೆಗಳಲ್ಲಿ ಇಪ್ಪತ್ತಾರು ಅಕ್ಷರಗಳನ್ನು ಬೇಕಾದಂತೆ ತುಂಬಿದರೆ 1,18,81,376 ಜೋಡಣೆಗಳಾಗುತ್ತವೆ. ಅವುಗಳಲ್ಲಿ ಒಂದಾದರೂ ಕ್ಯೂ ಇರುವಂಥವು 21,15,751. ಇಪ್ಪತ್ತೊಂದು ಲಕ್ಷಕ್ಕೂ ಮಿಕ್ಕಿದ ಅವಕಾಶದಲ್ಲಿ ಇಪ್ಪತ್ತಾರೇ ಬಳಕೆಗೆ ಉಳಿದಿವೆ ಎಂದರೆ ಉಳಿದವನ್ನೆಲ್ಲ ತಡೆದು ನಿಲ್ಲಿಸುವ ಕಟ್ಟಳೆಗಳು ಬಿಗಿಯಾಗಿಯೇ ಇರಬೇಕು. ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ಆ ಕಟ್ಟಳೆಗಳನ್ನು ತೋರಿಸಿದರೆ ಪದಗಳು ತಾವಾಗಿ ಸಾಲಿಗೆ ಬರುತ್ತವೆ.

ಮೊದಲ ಮನೆ

ಇಪ್ಪತ್ತಾರರಲ್ಲಿ ಇಪ್ಪತ್ತು ಪದಗಳಿಗೆ ಕ್ಯೂ ಮೊದಲ ಮನೆಯಲ್ಲಿದೆ. ಎರಡನೆಯ ಮನೆಯಲ್ಲಿ ಯು ಕಟ್ಟಿಟ್ಟದ್ದು. ಮೂರನೆಯದರಲ್ಲಿ ಸ್ವರವೇ ಬರಬೇಕು, ಅದೂ ಎ, ಇ, ಐ, ಓ ಈ ನಾಲ್ಕರಲ್ಲಿ ಒಂದು. ಅಂದರೆ ಕ್ಯೂ ಸಿಕ್ಕಿತೆಂದರೆ ಐದರಲ್ಲಿ ಎರಡು ಮನೆ ತುಂಬಿದವು, ಮೂರನೆಯದಕ್ಕೆ ನಾಲ್ಕೇ ಆಯ್ಕೆ. ಹೀಗೆ ನಾಲ್ಕು ಗುಂಪು ಮಾಡಿಕೊಳ್ಳಿ.

ಎ ಗುಂಪಿನಲ್ಲಿ ಏಳು. ಕ್ವ್ಯಾಕ್ ಎಂದರೆ ಬಾತುಕೋಳಿಯ ಕೂಗು, ನಕಲಿ ವೈದ್ಯನಿಗೂ ಅದೇ ಹೆಸರು. ಕ್ವೇಲ್ ಲಾವಕ್ಕಿ. ಕ್ವೇಕ್ ನಡುಗುವುದು. ಕ್ವಾಮ್ ಮನಸ್ಸಿನ ಅಳುಕು; ಬರೆಯುವಾಗ ಎಮ್‌ಗಿಂತ ಮೊದಲು ಎಲ್ ಬೇಕು, ಉಚ್ಚಾರದಲ್ಲಿ ಅದಿಲ್ಲ. ಕ್ವಾರ್ಟ್ ಗ್ಯಾಲನ್ನಿನ ಕಾಲು ಭಾಗ, ಅಮೆರಿಕದ ಲೆಕ್ಕದಲ್ಲಿ ಸುಮಾರು 946 ಮಿಲಿಲೀಟರ್, ಬ್ರಿಟನ್ನಿನ ಲೆಕ್ಕದಲ್ಲಿ ಸುಮಾರು 1,137. ಕ್ವಾಶ್ ರದ್ದುಪಡಿಸುವುದು, ಕಲಬುರಗಿಯ ಹೈಕೋರ್ಟ್ ಪೀಠದ ಸುದ್ದಿ ಓದುವವರಿಗೆ ಹೊಸದಲ್ಲ. ಕ್ವಾಸಿ ಎಂದರೆ ಅರೆ, ಅರೆ-ನ್ಯಾಯಿಕ ಎಂಬಲ್ಲಿಯ ಅರೆ.

ಈ ಏಳರಲ್ಲಿ ಎ ಒಂದೇ ಥರ ಉಲಿಯುವುದಿಲ್ಲ ಎಂಬುದನ್ನು ಗಮನಿಸಬೇಕು. ಯು ಇಲ್ಲಿ ವ ಕಾರದ ಕೆಲಸ ಮಾಡುತ್ತದೆ. ವ ಕಾರ ಆದಮೇಲೆ ಬಂದ ಎ ತುಟಿಯನ್ನು ದುಂಡಾಗಿಸಿ ಆ ಮತ್ತು ಒ ನಡುವಿನ ದನಿಯಾಗುತ್ತದೆ: ಕ್ವಾಶ್, ಕ್ವಾರ್ಟ್, ಸ್ಕ್ವಾಡ್. ವಾಚ್, ಸ್ವಾಂಪ್ ಪದಗಳಲ್ಲೂ ಇದೇ ನಡೆದಿದೆ. ಆದರೆ ಎ ಆದಮೇಲೆ ಕ, ಗ, ಕ್ಸ ದನಿ ಬಂದರೆ ಈ ಬದಲಾವಣೆ ಆಗುವುದಿಲ್ಲ. ಹಾಗಾಗಿ ಕ್ವ್ಯಾಕ್, ವ್ಯಾಗ್, ವ್ಯಾಕ್ಸ್. ಕ್ವಾಕ್ ಎಂದು ಓದುವ ಹುಡುಗ ದಡ್ಡನಲ್ಲ, ಸ್ಕ್ವಾಡ್ ಪದದ ನಿಯಮವನ್ನು ಒಂದು ಹೆಜ್ಜೆ ಹೆಚ್ಚಿಗೆ ಎಳೆದಿದ್ದಾನೆ, ಅಷ್ಟೇ.

ಇ ಗುಂಪಿನಲ್ಲಿ ಐದು: ಕ್ವೀನ್, ಕ್ವೆಲ್ (ದಂಗೆಯನ್ನೋ ಭಯವನ್ನೋ ಅಡಗಿಸುವುದು), ಕ್ವಿಯರಿ (ಪ್ರಶ್ನೆ), ಕ್ವೆಸ್ಟ್ (ಹುಡುಕಾಟ), ಮತ್ತು ಕ್ಯೂ ಎಂಬ ಪದ. ಈ ಕೊನೆಯದರ ಕಾಗುಣಿತ ಕ್ಯೂ-ಯು-ಇ-ಯು-ಇ. ರೇಷನ್ ಅಂಗಡಿಯ ಮುಂದೆ ನಾವು ಹಚ್ಚುವ ಪಾಳಿ ಇದೇ. ಕೇಳಿಸುವುದು ಮೊದಲ ಅಕ್ಷರದ ಹೆಸರು ಮಾತ್ರ, ಹಿಂದಿನ ನಾಲ್ವರೂ ಸುಮ್ಮನೆ ಪಾಳಿಯಲ್ಲಿ ನಿಂತಿದ್ದಾರೆ. ಪದ ಫ್ರೆಂಚಿನಿಂದ ಬಂದದ್ದು, ಅಲ್ಲಿ ಅದರರ್ಥ ಬಾಲ. ಬರೆಯುವಾಗ ಯು-ಇ, ಯು-ಇ ಎಂದು ಜೋಡಿಯಾಗಿ ಎರಡು ಸಲ ಹೇಳಿಕೊಂಡರೆ ತಪ್ಪುವುದಿಲ್ಲ.

ಐ ಗುಂಪಿನಲ್ಲಿ ಆರು. ಕ್ವಿಕ್, ಕ್ವಿಲ್ (ಹಕ್ಕಿಯ ಗರಿ, ಗರಿಯ ಲೇಖನಿ), ಕ್ವಿಲ್ಟ್, ಕ್ವರ್ಕ್ (ವಿಚಿತ್ರ ಚಾಳಿ), ಕ್ವೈಯೆಟ್, ಕ್ವೈಟ್. ಕ್ವಿಲ್ಟ್ ಪದಕ್ಕೆ ನಿಘಂಟು ಹತ್ತಿ ತುಂಬಿದ ಹೊದಿಕೆ ಎಂದು ಉದ್ದಕ್ಕೆ ವಿವರಿಸುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಕೌದಿ ಎಂದರೆ ಮುಗಿಯಿತು. ತುಂಡು ತುಂಡು ಬಟ್ಟೆ ಜೋಡಿಸಿ ಹೊಲಿದದ್ದು ಎಂಬ ಚಿತ್ರವೂ ಜೊತೆಗೇ ಬರುತ್ತದೆ.

ಕ್ವೈಯೆಟ್ ಮತ್ತು ಕ್ವೈಟ್ ಇವೆರಡರ ಬಳಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಕ್ಯೂ ಪದಗಳ ತಪ್ಪಿನ ದೊಡ್ಡ ಪಾಲು ಇಲ್ಲಿಯದೇ. ಎರಡರಲ್ಲೂ ಅವೇ ಐದು ಅಕ್ಷರ, ಕೊನೆಯ ಎರಡು ಅದಲುಬದಲು. ಮೌನ ಎಂಬ ಅರ್ಥದ್ದು ಕ್ಯೂ-ಯು-ಐ-ಇ-ಟಿ, ಸಾಕಷ್ಟು ಎಂಬ ಅರ್ಥದ್ದು ಕ್ಯೂ-ಯು-ಐ-ಟಿ-ಇ. ಕನ್ನಡದಲ್ಲಿ ಎರಡನ್ನೂ ಕ್ವೈಟ್ ಎಂದೇ ಬರೆಯುವ ಅಭ್ಯಾಸವಾಗಿ ಕಿವಿಯಲ್ಲಿನ ವ್ಯತ್ಯಾಸ ಅಳಿಸಿಹೋಗಿದೆ. ಅದನ್ನು ಮರಳಿ ತರುವುದು ಹೀಗೆ. ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಪದ ಹೇಳಿಸಿ. ಮೌನದ ಪದಕ್ಕೆ ದವಡೆ ಎರಡು ಸಲ ಇಳಿಯಬೇಕು: ಕ್ವೈ, ಯೆಟ್. ಆ ಎರಡನೆಯ ಇಳಿತವೇ ಟಿಗಿಂತ ಮೊದಲಿನ ಇ. ಇನ್ನೊಂದರಲ್ಲಿ ದವಡೆ ಒಂದೇ ಸಲ ಇಳಿಯುತ್ತದೆ, ಇ ಕೇಳಿಸುವುದಿಲ್ಲ, ಆದ್ದರಿಂದ ಅದು ಕೊನೆಗೆ. ಕೇಳಿಸದಿದ್ದರೂ ಅದಕ್ಕೆ ಕೆಲಸವುಂಟು. ಬಿಟ್ ಪದಕ್ಕೆ ಇ ಸೇರಿದರೆ ಬೈಟ್ ಆಗುವಂತೆ, ಬಿಟ್ಟುಬಿಡು ಎಂಬರ್ಥದ ನಾಲ್ಕಕ್ಷರದ ಕ್ವಿಟ್ ಪದಕ್ಕೆ ಇ ಸೇರಿ ಕ್ವೈಟ್ ಆಗಿದೆ. ಕ್ವಿಟ್, ಕ್ವೈಟ್, ಕ್ವೈಯೆಟ್ ಮೂರನ್ನೂ ಒಂದೇ ಸಾಲಿನಲ್ಲಿ, ಇದೇ ಕ್ರಮದಲ್ಲಿ ಬರೆಸಿ. ಮೌನದ ಪದವನ್ನು ಮೊದಲು ಕಲಿಸಿ ಆಮೇಲೆ ಇನ್ನೊಂದನ್ನು ತಂದರೆ ಗೊಂದಲ ಹೆಚ್ಚುತ್ತದೆ.

ಓ ಗುಂಪಿನಲ್ಲಿ ಎರಡೇ: ಕ್ವೋಟಾ, ಕ್ವೋಟ್. ಎರಡೂ ನಮ್ಮ ಬಾಯಲ್ಲಿ ವ ಕಳೆದುಕೊಂಡಿವೆ. ಈ ಭಾಗಕ್ಕೆ ಮೀಸಲಾತಿ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದಮೇಲೆ ಇಲ್ಲಿಯ ಪ್ರತಿ ಮನೆಯಲ್ಲೂ ಕೋಟಾ ಎಂಬ ಮಾತಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಟೇಶನ್ ಇದೆ. ಕೇಳಿದಂತೆ ಕೆ-ಓ-ಟಿ-ಎ ಎಂದು ಬರೆದರೆ ಅದು ರಾಜಸ್ಥಾನದ ಊರಾಗುತ್ತದೆ.

ಈ ಮನೆಯಲ್ಲಿ ಆಗುವ ತಪ್ಪುಗಳು ಎರಡು ಬಗೆಯವು. ಒಂದು, ಯು ಬಿಡುವುದು: ಕ್ವೀನ್ ಬರೆಯಲು ಕ್ಯೂ-ಇ-ಇ-ಎನ್. ಅಕ್ಷರದ ಹೆಸರಲ್ಲೇ ಊ ದನಿ ಇರುವುದರಿಂದ ಯು ಅದರ ಹೊಟ್ಟೆಯೊಳಗೇ ಇದೆ ಎಂದು ಮಗು ತಿಳಿಯುತ್ತದೆ. ಐದು ಮನೆಯ ಹಾಳೆಯಲ್ಲಿ ಕೊನೆಯ ಮನೆ ಖಾಲಿ ಉಳಿಯುವುದರಿಂದ ಇದು ಕೂಡಲೇ ಸಿಕ್ಕಿಬೀಳುತ್ತದೆ. ಇನ್ನೊಂದು, ಕೆ-ಡಬ್ಲ್ಯೂ ಎಂದು ಶುರುಮಾಡುವುದು. ಇದರಲ್ಲಿ ಮನೆಗಳು ಸರಿಯಾಗಿ ತುಂಬುವುದರಿಂದ ಹಾಳೆ ಸಹಾಯಕ್ಕೆ ಬರುವುದಿಲ್ಲ. ಅಂಥ ಮಗುವಿಗೆ ಒಂದು ಮಾತು ಹೇಳಬಹುದು: ಸಾವಿರ ವರ್ಷದ ಹಿಂದೆ ಇಂಗ್ಲಿಷರೇ ಹೆಚ್ಚೂಕಡಿಮೆ ಹಾಗೆ ಬರೆಯುತ್ತಿದ್ದರು. ರಾಣಿಗೆ ಸಿ-ಡಬ್ಲ್ಯೂ-ಇ-ಎನ್, ಕ್ವಿಕ್ ಪದಕ್ಕೆ ಸಿ-ಡಬ್ಲ್ಯೂ-ಐ-ಸಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದಮೇಲೆ ಫ್ರೆಂಚ್ ಪದ್ಧತಿಯ ಲಿಪಿಕಾರರು ಬಂದು ಕಾಲಕ್ರಮದಲ್ಲಿ ಎಲ್ಲ ಕಡೆ ಕ್ಯೂ-ಯು ಹಾಕಿದರು. ಅಂದು ಕ್ವಿಕ್ ಎಂದರೆ ವೇಗವಲ್ಲ, ಜೀವಂತ. ಪಾದರಸವನ್ನು ಕ್ವಿಕ್‌ಸಿಲ್ವರ್ ಎನ್ನುವುದರಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದಿದೆ.

ಎರಡು ಮತ್ತು ಮೂರು

ಎರಡನೆಯ ಮನೆಯಲ್ಲಿ ಕ್ಯೂ ಇದ್ದರೆ ಮೊದಲನೆಯದರಲ್ಲಿ ಇ ಅಥವಾ ಎಸ್. ದಿನಬಳಕೆಯಲ್ಲಿ ಬೇರೆ ಆಯ್ಕೆ ಇಲ್ಲ. ಈಕ್ವಲ್, ಇಕ್ವಿಪ್, ಸ್ಕ್ವಾಡ್, ಸ್ಕ್ವಾಟ್, ಸ್ಕ್ವಿಡ್. ಪರೀಕ್ಷೆ ಬರೆದವರಿಗೆಲ್ಲ ಫ್ಲೈಯಿಂಗ್ ಸ್ಕ್ವಾಡ್ ಗೊತ್ತು. ಸ್ಕ್ವಾಟ್ ಕುಕ್ಕರಗಾಲಲ್ಲಿ ಕೂರುವುದು. ಸ್ಕ್ವಿಡ್ ಕಡಲಜೀವಿ, ಕೃಷ್ಣಾ-ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡಿಗೆ ದೂರದ್ದು.

ಮೂರನೆಯ ಮನೆಯಲ್ಲಿ ಬಳಕೆಯ ಪದ ಒಂದೇ: ಪಿ-ಐ-ಕ್ಯೂ-ಯು-ಇ. ಉಚ್ಚಾರ ಪೀಕ್, ಅರ್ಥ ಮನಸ್ಸಿಗೆ ನಾಟಿದ ಮುನಿಸು. ಇಲ್ಲಿ ಕ್ಯೂ-ಯು-ಇ ಮೂರೂ ಸೇರಿ ಬರಿಯ ಕ್ ಆಗಿವೆ. ಮೊದಲ ಮನೆಯಲ್ಲಿ ಕ್ವ, ಪದದ ಕೊನೆಯಲ್ಲಿ ಕ್, ಮನೆ ಬದಲಾದರೆ ಬೆಲೆ ಬದಲಾಗುತ್ತದೆ ಎಂದದ್ದು ಇದನ್ನೇ. ಚೆಕ್, ಯೂನಿಕ್, ಮಾಸ್ಕ್ (ಮಸೀದಿ) ಇವು ಇದೇ ಜಾತಿಯ ಆರಕ್ಷರದ ಪದಗಳು. ಬ್ಯಾಂಕಿನ ಚೆಕ್ಕನ್ನು ಬ್ರಿಟಿಷರೂ ನಾವೂ ಕ್ಯೂ ಹಾಕಿ ಬರೆಯುತ್ತೇವೆ, ಅಮೆರಿಕದವರು ಸಿ-ಕೆ ಹಾಕಿ ಐದಕ್ಷರದಲ್ಲೇ ಮುಗಿಸುತ್ತಾರೆ. ಶಿಖರ ಎಂಬರ್ಥದ ಪೀಕ್, ಇಣುಕು ಎಂಬರ್ಥದ ಪೀಕ್, ಮುನಿಸಿನ ಪೀಕ್ ಮೂರೂ ಕಿವಿಗೆ ಒಂದೇ ಆದ್ದರಿಂದ ಉಕ್ತಲೇಖನ ಕೊಡುವಾಗ ಪದವನ್ನು ಒಂಟಿಯಾಗಿ ಹೇಳದೆ ವಾಕ್ಯದಲ್ಲಿಟ್ಟು ಹೇಳಬೇಕು.

ನಾಲ್ಕು, ಐದು: ಯು ಬಾರದ ಮನೆ

ಕ್ಯೂ-ಯು ಜೋಡಿ ನಾಲ್ಕು-ಐದನೆಯ ಮನೆಗಳಲ್ಲಿ ಕೂತರೆ ಪದ ಯು ಇಂದ ಮುಗಿಯಬೇಕಾಗುತ್ತದೆ. ಇಂಗ್ಲಿಷಿನ ಸ್ವಂತ ಪದಗಳು ಹಾಗೆ ಮುಗಿಯುವುದು ತೀರ ಕಡಿಮೆ. ಆದ್ದರಿಂದ ಕೊನೆಯ ಎರಡು ಮನೆಗಳಲ್ಲಿ ಕ್ಯೂ ಕಂಡರೆ ಆ ಪದ ಹೊರಗಿನಿಂದ ಬಂದದ್ದು ಎಂದು ಸಂಶಯಪಡಬಹುದು, ಬಹುಮಟ್ಟಿಗೆ ಅರಬ್ಬಿ-ಉರ್ದು ಕಡೆಯಿಂದ. ಇವು ನಮ್ಮ ಇಪ್ಪತ್ತಾರರ ಲೆಕ್ಕದ ಹೊರಗಿನವು. ಬುರ್ಖಾ: ಬಿ-ಯು-ಆರ್-ಕ್ಯೂ-ಎ, ನಾಲ್ಕನೆಯ ಮನೆ. ತಲಾಖ್: ಟಿ-ಎ-ಎಲ್-ಎ-ಕ್ಯೂ, ಐದನೆಯ ಮನೆ. ಯು ಇಲ್ಲದ ಇನ್ನೂ ಕೆಲವು ಬೇರೆ ಮನೆಗಳಲ್ಲಿವೆ. ಫಕೀರ ಮತ್ತು ನಿಖಾಬ್ ಮೂರನೆಯದರಲ್ಲಿ; ಕನಾತ್ ಮೊದಲನೆಯದರಲ್ಲಿ, ಕ್ಯೂ-ಎ-ಎನ್-ಎ-ಟಿ, ನೆಲದಡಿಯ ನೀರಿನ ಸುರಂಗ. ಬೀದರಿನ ನೌಬಾದಿನಲ್ಲಿರುವ ಬಹಮನಿ ಕಾಲದ ಸುರಂಗ ಬಾವಿ ಇದೇ ಬಗೆಯದು. ಕತಾರ್ ದೇಶದ ಹೆಸರೂ ಐದಕ್ಷರ, ಯು ಇಲ್ಲದ ಕ್ಯೂ. ಅಂಕಿತನಾಮವಾದ್ದರಿಂದ ಪದಬಂಧದ ಆಟಗಳಲ್ಲಿ ಅದು ನಡೆಯುವುದಿಲ್ಲ.

ಇಲ್ಲಿ ರಾಯಚೂರಿನವರಿಗೆ ಒಂದು ಅನುಕೂಲವಿದೆ. ಅರಬ್ಬಿಯಲ್ಲಿ ಕ ಎರಡು. ಒಂದು ನಮ್ಮ ಕ ದಂತೆಯೇ, ಅದಕ್ಕೆ ಕಾಫ್ ಎನ್ನುತ್ತಾರೆ. ಇನ್ನೊಂದು ಇನ್ನೂ ಒಳಗೆ, ಕಿರುನಾಲಿಗೆಯ ಬಳಿ ಹುಟ್ಟುವಂಥದು. ಈ ಎರಡನೆಯದನ್ನು ತೋರಿಸಲು ಇಂಗ್ಲಿಷಿನಲ್ಲಿ ಯು ಇಲ್ಲದ ಕ್ಯೂ ಬಳಸುತ್ತಾರೆ. ದಖನಿ ಉರ್ದುವಿನಲ್ಲಿ ಆ ಒಳಗಿನ ಕ, ಖ ಆಗಿ ಕೇಳಿಸುತ್ತದೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ರಾಯಚೂರು, ಕೊಪ್ಪಳ ಕಡೆ ಕಚೇರಿಯ ಭಾಷೆ ಉರ್ದುವಾಗಿತ್ತು. ಹಾಗಾಗಿ ಖೈದಿ, ಇಲಾಖೆ, ಬುರ್ಖಾ, ತಲಾಖ್ ಎಂದು ಖ ಹಚ್ಚಿ ಆಡುವುದು ಇಲ್ಲಿಯ ಬಾಯಿಗೆ ಸಹಜ. ಆ ಖ ದ ಹಿಂದೆ ಬಹಳ ಸಲ ಒಂದು ಕ್ಯೂ ಅಡಗಿರುತ್ತದೆ. ಬಹಳ ಸಲ, ಯಾವಾಗಲೂ ಅಲ್ಲ. ಖರ್ಚು, ಖಾಲಿ, ಖಬರು ಇವುಗಳ ಖ ಮೂಲದಲ್ಲೇ ಖ.

ಕ ಎಂದು ಉಳಿದ ಪದಗಳಲ್ಲೂ ಈ ಭೇದ ಮುಚ್ಚಿಹೋಗಿದೆ. ಬಾಕಿ, ಹಕ್ಕು, ನಕಲು, ನಕ್ಷೆ, ಬಂದೂಕು, ತಾಲ್ಲೂಕು ಇವೆಲ್ಲ ಒಳಗಿನ ಕ. ವಕೀಲ, ಹುಕುಂ, ಕಿತಾಬು ಹೊರಗಿನ ಕ. ಚಂದದ ಜೋಡಿಯೆಂದರೆ ಕರಾರು ಮತ್ತು ತಕರಾರು. ಒಂದಕ್ಕೆ ತ ಸೇರಿ ಇನ್ನೊಂದಾಯಿತು ಎಂದು ಯಾರಿಗಾದರೂ ಅನಿಸುವುದು ಸಹಜ, ಆದರೆ ಕರಾರಿನದು ಒಳಗಿನ ಕ, ತಕರಾರಿನದು ಹೊರಗಿನದು, ಎರಡಕ್ಕೂ ಧಾತು ಬೇರೆ. ಇನ್ನು ತಾಲ್ಲೂಕನ್ನು ಇಂಗ್ಲಿಷಿನಲ್ಲಿ ಟಿ-ಎ-ಎಲ್-ಯು-ಕೆ ಎಂದು ಬರೆಯುವುದೇ ಸರ್ಕಾರಿ ರೂಢಿ, ಐದಕ್ಷರವಾದರೂ ನಮ್ಮ ಪಟ್ಟಿಗೆ ಬರುವುದಿಲ್ಲ. ಬುರ್ಖಾ, ಫಕೀರ ಪದಗಳನ್ನು ಕೆ ಹಾಕಿಯೂ ಬರೆಯುತ್ತಾರೆ, ನಿಘಂಟುಗಳು ಎರಡನ್ನೂ ಒಪ್ಪುತ್ತವೆ. ವಿದ್ಯಾರ್ಥಿ ಕೆ ಬರೆದರೆ ಕೆಂಪು ಗೆರೆ ಎಳೆಯಬೇಡಿ.

ಆಟದಲ್ಲಿ

ಜಾಶ್ ವಾರ್ಡಲ್ 2021ರಲ್ಲಿ ಜನರಿಗೆ ತೆರೆದ, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡ ವರ್ಡಲ್ ಆಟದಿಂದ ಐದಕ್ಷರದ ಪದಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಬಚ್ಚಿಟ್ಟ ಐದಕ್ಷರದ ಪದವೊಂದನ್ನು ಊಹಿಸಲು ಆರು ಯತ್ನ, ಅಕ್ಷರವೂ ಮನೆಯೂ ಸರಿಯಿದ್ದರೆ ಹಸಿರು, ಅಕ್ಷರ ಇದ್ದು ಮನೆ ಬೇರೆಯಾದರೆ ಹಳದಿ, ಇಲ್ಲವಾದರೆ ಬೂದು. ಕ್ಯೂ ಪದದಿಂದ ಆಟ ಶುರುಮಾಡುವುದು ಯತ್ನವೊಂದನ್ನು ಚೆಲ್ಲಿದಂತೆ. ಎ, ಇ, ಆರ್, ಟಿ, ಎಸ್ ಇಂಥವನ್ನು ಮೊದಲು ಪರೀಕ್ಷಿಸಬೇಕು. ಕ್ಯೂವನ್ನು ನೆನೆಯಬೇಕಾದದ್ದು ಎರಡನೆಯ ಮನೆಯಲ್ಲಿ ಯು ಹಸಿರಾಗಿ, ಮೂರನೆಯದೂ ಸ್ವರ ಎಂದು ತಿಳಿದಾಗ.

ಅಲ್ಲೊಂದು ಕೊಕ್ಕೆ ಇದೆ. ಯು-ಐ-ಎಲ್-ಟಿ ನಾಲ್ಕೂ ಹಸಿರಾಗಿ ಮೊದಲ ಮನೆ ಮಾತ್ರ ಉಳಿದಿದೆ ಎನ್ನಿ. ಬಿ ಹಾಕಿದರೆ ಬಿಲ್ಟ್, ಜಿ ಹಾಕಿದರೆ ಗಿಲ್ಟ್, ಕ್ಯೂ ಹಾಕಿದರೆ ಕ್ವಿಲ್ಟ್. ಒಂದೊಂದಾಗಿ ಪ್ರಯತ್ನಿಸಿದರೆ ಮೂರು ಯತ್ನ ಬೇಕಾಗಬಹುದು. ಕೈಯಲ್ಲಿ ಎರಡೇ ಉಳಿದಿದ್ದರೆ ಸೋಲುವ ಸಂಭವವಿದೆ. ಆಗ ಬಿ ಮತ್ತು ಜಿ ಎರಡೂ ಇರುವ ಬೇರೆ ಪದ ಹಾಕಿ, ಬಿ-ಇ-ಜಿ-ಐ-ಎನ್ ಸಾಕು. ಬಿ ಹಸಿರಾದರೆ ಬಿಲ್ಟ್. ಜಿ ಹಳದಿಯಾದರೆ ಗಿಲ್ಟ್. ಎರಡೂ ಬೂದಾದರೆ ಕೌದಿ. ಮುಂದಿನ ಯತ್ನದಲ್ಲಿ ಗೆಲುವು ಖಾತ್ರಿ. ಆಟದ ಕಠಿಣ ಬಗೆಯಲ್ಲಿ ಸಿಕ್ಕ ಸುಳಿವುಗಳನ್ನು ಬಳಸಲೇಬೇಕಾದ್ದರಿಂದ ಈ ಉಪಾಯ ಅಲ್ಲಿ ನಡೆಯದು. ಗೆಸ್ಟ್-ಕ್ವೆಸ್ಟ್, ಸ್ವೀಟ್-ಕ್ವೈಟ್ ಜೋಡಿಗಳೂ ಹೀಗೇ ಕಾಡುತ್ತವೆ. ಇಲ್ಲಿ ಹೇಳಿದ ಸ್ವೀಟ್ ಹೋಟೆಲಿನ ಕೋಣೆ, ಎಸ್-ಯು-ಐ-ಟಿ-ಇ; ಮಿಠಾಯಿಯಲ್ಲ.

ಸ್ಕ್ರ್ಯಾಬಲ್‌ನಲ್ಲಿ ಚಿಂತೆ ಬೇರೆ. ಕ್ಯೂ ಒಂದು, ಯು ನಾಲ್ಕು.  ನಾಲ್ಕೂ ಯು ಹಲಗೆಯ ಮೇಲೆ ಹೋದಮೇಲೆ ಕ್ಯೂ ಕೈಗೆ ಬಂದು ಅಲ್ಲೇ ಉಳಿದರೆ ಆಟದ ಕೊನೆಗೆ ನಿಮ್ಮ ಮೊತ್ತದಿಂದ 10 ಅಂಕ ಕಳೆಯುತ್ತಾರೆ. ಆದ್ದರಿಂದ ಕ್ಯೂ ಬಂದ ಕೂಡಲೇ ಯು ಒಂದನ್ನು ಕಾದಿರಿಸಿಕೊಳ್ಳಬೇಕು, ಒಳ್ಳೆಯ ಸ್ಥಾನ ಸಿಗಲೆಂದು ಬಹಳ ಕಾಯಬಾರದು. ಯು ಇಲ್ಲದಾಗ ಕೈಹಿಡಿಯುವುದು ಫಕೀರ, ನಿಖಾಬ್, ತಲಾಖ್. ಜೊತೆಗೆ ಪ್ರಾಣಶಕ್ತಿ ಎಂಬರ್ಥದ ಚೀನಾ ಮೂಲದ ಎರಡಕ್ಷರದ ಕ್ಯೂ-ಐ. ಇದನ್ನು ಚೀ ಎಂದು ಓದುತ್ತಾರೆ. ಉತ್ತರ ಅಮೆರಿಕದ ಪಂದ್ಯಗಳ ಪದಪಟ್ಟಿಗೆ ಇದು ಸೇರಿದ್ದು 2006ರಲ್ಲಿ.

ಪಟ್ಟಿ ತಯಾರಿಕೆ, ಅಭ್ಯಾಸ

ನಿಘಂಟಿನಲ್ಲಿ ಮೊದಲ ಮನೆಯ ಪದಗಳು ಮಾತ್ರ ಒಟ್ಟಿಗೆ ಸಿಗುತ್ತವೆ. ಉಳಿದವಕ್ಕೆ ಕಂಪ್ಯೂಟರ್ ಲೇಸು. ಪದಗಳ ಕಡತವೊಂದನ್ನು ಎಕ್ಸೆಲ್‌ನ ಮೊದಲ ಕಂಬಸಾಲಿಗೆ ಹಾಕಿ. ಎರಡನೆಯದರಲ್ಲಿ ಲೆನ್ ಸೂತ್ರ, ಅದು ಅಕ್ಷರ ಎಣಿಸುತ್ತದೆ. ಮೂರನೆಯದರಲ್ಲಿ ಸರ್ಚ್ ಸೂತ್ರ, ಅದು ಕ್ಯೂ ಎಷ್ಟನೆಯ ಮನೆಯಲ್ಲಿದೆ ಎಂಬ ಅಂಕಿಯನ್ನೇ ಕೊಡುತ್ತದೆ. ಎರಡನೆಯ ಕಂಬಸಾಲಿನಲ್ಲಿ 5 ಎಂದು ಸೋಸಿ, ಮೂರನೆಯದನ್ನು ಏರಿಕೆ ಕ್ರಮಕ್ಕೆ ತಂದರೆ ಮನೆವಾರು ಪಟ್ಟಿ ಸಿದ್ಧ. ಎಡವುವುದು ಎರಡು ಕಡೆ. ಫೈಂಡ್ ಸೂತ್ರ ದೊಡ್ಡಕ್ಷರ-ಚಿಕ್ಕಕ್ಷರ ಭೇದ ಮಾಡುತ್ತದೆ, ಸರ್ಚ್ ಮಾಡುವುದಿಲ್ಲ. ಪದದ ಹಿಂದೆ ಕಾಣದ ಖಾಲಿ ಜಾಗವಿದ್ದರೆ ಲೆನ್ ಅದನ್ನೂ ಎಣಿಸಿ ಆರು ಎನ್ನುತ್ತದೆ, ಪದ ಪಟ್ಟಿಯಿಂದ ಜಾರುತ್ತದೆ. ಮೊದಲೇ ಟ್ರಿಮ್ ಸೂತ್ರದಿಂದ ಒಪ್ಪ ಮಾಡಿಕೊಳ್ಳಿ.

ಕಲಿಕೆಗೆ ದಿನಕ್ಕೆ ಆರೇಳು ಪದ ಸಾಕು, ಒಂದು ದಿನ ಒಂದೇ ಗುಂಪು. ಪದವನ್ನು ನೋಡಿ, ಮುಚ್ಚಿ, ಮನೆಗಳಲ್ಲಿ ಬರೆದು, ತೆರೆದು ತಾಳೆ ನೋಡುವುದು. ಮರುದಿನ, ಮೂರನೆಯ ದಿನ, ಏಳನೆಯ ದಿನ ಅದೇ ಗುಂಪಿನ ಉಕ್ತಲೇಖನ. ಹತ್ತು ಹತ್ತು ಸಲ ನಕಲು ಬರೆಸುವುದರಿಂದ ಪ್ರಯೋಜನ ಕಡಿಮೆ: ಮೊದಲು ಎಲ್ಲ ಕ್ಯೂಗಳನ್ನು ಮೇಲಿಂದ ಕೆಳಗೆ ಗೀಚಿ, ಆಮೇಲೆ ಎಲ್ಲ ಯುಗಳನ್ನು ಗೀಚುವ ಜಾಣರು ಪ್ರತಿ ತರಗತಿಯಲ್ಲೂ ಇರುತ್ತಾರೆ, ಅವರ ಕಣ್ಣಿಗೆ ಪದ ಬೀಳುವುದೇ ಇಲ್ಲ. ಚಿಕ್ಕಕ್ಷರದ ಕ್ಯೂ ಬರೆಸುವಾಗ ನಾಲ್ಕು ಗೆರೆಯ ಕಾಪಿಯಲ್ಲಿ ಹೊಟ್ಟೆ ನಡುವಿನ ಎರಡು ಗೆರೆಗಳೊಳಗೆ, ಬಾಲ ನಾಲ್ಕನೆಯ ಗೆರೆಯವರೆಗೆ. ಬಾಲದ ತುದಿ ಬಲಕ್ಕೆ ಹೊರಳಿದರೆ ಕ್ಯೂ, ಎಡಕ್ಕೆ ಹೊರಳಿದರೆ ಜಿ. ಸ್ಕ್ವಾಡ್ ಬರೆದದ್ದನ್ನು ಮೌಲ್ಯಮಾಪಕರು ಜಿ ಎಂದು ಓದುವುದು ಈ ತುದಿಯಿಂದಲೇ.

ಕೊನೆಗೆ ಸಭೆಯಿಂದ ಬಂದ ಎರಡು ಪ್ರಶ್ನೆ. ಅಕ್ಷರಮಾಲೆಯ ಸ್ಥಾನ ಕೇಳುವ ಪರೀಕ್ಷೆಗಳಿಗೆ ಕ್ಯೂವನ್ನು ನೆನಪಿಡುವುದು ಹೇಗೆ? ಇ, ಜೆ, ಓ, ಟಿ, ವೈ ಇವು ಕ್ರಮವಾಗಿ 5, 10, 15, 20, 25. ಓ ಆದ ಎರಡನೆಯದು ಕ್ಯೂ, ಅಂದರೆ 17.

ಝಡ್ ಅಕ್ಷರಕ್ಕೂ ಇದೇ ವಿಧಾನ ನಡೆಯುತ್ತದೆಯೇ? ಮನೆವಾರು ಹಂಚುವುದು ನಡೆಯುತ್ತದೆ, ಕಟ್ಟಳೆ ಮಾತ್ರ ಇಷ್ಟು ಬಿಗಿಯಾಗಿ ಸಿಗದು. ಝಡ್ ಎಲ್ಲ ಮನೆಗಳಲ್ಲೂ ಕೂರುತ್ತದೆ: ಝೀಬ್ರಾ ಒಂದು, ಓಝೋನ್ ಎರಡು, ಡಜನ್ ಮೂರು, ಪ್ರೈಝ್ ನಾಲ್ಕು, ವಾಲ್ಟ್ಜ್ ಐದು. ಕ್ಯೂ, ಝಡ್ ಎರಡೂ ಇರುವ ಪದ ಬೇಕಾದವರು ದೂರ ಹೋಗಬೇಕಿಲ್ಲ. ಹಟ್ಟಿಯ ಚಿನ್ನ ಸಿಗುವುದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚುಕಲ್ಲಿಗೆ ಇಂಗ್ಲಿಷಿನಲ್ಲಿ ಕ್ಯೂ-ಯು-ಎ-ಆರ್-ಟಿ-ಝಡ್. ಸ್ಕ್ರ್ಯಾಬಲ್‌ನಲ್ಲಿ ಬಿಲ್ಲೆಗಳ ಬೆಲೆಯೇ 24 ಅಂಕ. ಆರಕ್ಷರವಾದ್ದರಿಂದ ನಮ್ಮ ಐದು ಮನೆಗೆ ಹಿಡಿಸದು. ಕೊನೆಯ ಝಡ್ ತೆಗೆದರೆ ಕ್ವಾರ್ಟ್ ಉಳಿಯುತ್ತದೆ, ಅದು ಮೊದಲ ಮನೆಯ ಎ ಗುಂಪಿನಲ್ಲಿ ಆಗಲೇ ಇದೆ.